ಹದಿನಾಲ್ಕನೇ ಟ್ಯಾಂಕು

ಬರೋಸಾ ಕಣಿವೆ, ಮಾರ್ಚ್ ತಿಂಗಳು, ರಾತ್ರಿ ಒಂದೂವರೆ.
ನೂರಿಯೂಟ್ಪದ ಹೊರಗೆ ದ್ರಾಕ್ಷಿ ಕೊಯ್ಯುವ ಯಂತ್ರಗಳು
ದೀಪ ಹಚ್ಚಿಕೊಂಡು ಸಾಲು ಬಿಟ್ಟು ಸಾಲು ಹಿಡಿಯುತ್ತಿವೆ.
ಒಳಗೆ ಹದಿನಾಲ್ಕನೇ ಟ್ಯಾಂಕು ಮಾತು ಬಿಟ್ಟಿದೆ.
ಮೊನ್ನೆ ಕಿವಿಯಿಟ್ಟರೆ
ಹುದುಗು ಬಂದ ದೋಸೆಹಿಟ್ಟಿನ ಗುಸುಗುಸು ಇತ್ತು.
ಈಗ ಉಕ್ಕಿನ ಮೈ ತಣ್ಣಗೆ.
ಸಿಹಿ ಇನ್ನೂ ಉಳಿದಿದೆ, ಉಣ್ಣುವವರಿಲ್ಲ.

ಒಂದು ಹನಿಗೆ ನೀಲಿ ಬೆರೆಸಿ ಗಾಜಿನಡಿ ಇಟ್ಟೆ.
ಬದುಕಿದ ಯೀಸ್ಟು ಬಣ್ಣವನ್ನು ನೆಲೆಯೂರಗೊಡುವುದಿಲ್ಲ,
ಸತ್ತದ್ದು ಯಾರು ಬಂದರೂ ಒಳಗೆ ಬಿಟ್ಟುಕೊಳ್ಳುತ್ತದೆ.
ನೂರಕ್ಕೆ ಅರವತ್ತಮೂರು ನೀಲಿ.
ಮತ್ತೆ ಎಣಿಸಿದೆ. ಅರವತ್ತೈದು.

‘ಕೊಂದದ್ದು ಯಾವುದು?’
ಕ್ಲೆಮ್ ನೋಸ್ಕೆ ಬೂಟಿನ ಕೆಂಪು ತೊಳೆಯುತ್ತ ಕೇಳಿದ.
ಅವೇ ಮಾಡಿದ್ದು, ಅಂದೆ.
ಸಕ್ಕರೆ ತಿಂದು ಮದ್ಯ ಹೆತ್ತವು,
ಹೆತ್ತದ್ದು ಹದಿನೈದು ಪರ್ಸೆಂಟ್ ದಾಟಿ
ಹೆತ್ತವರ ಮೈಗೇ ಕೈಯಿಟ್ಟಿತು.

ಮೈಯೆಂದರೆ ಗೋಡೆಯಲ್ಲ, ಕೊಬ್ಬಿನ ಪೊರೆ.
ನೀರಿಗೆ ಆಸೆಪಡುವ ತಲೆಗಳು ಹೊರಕ್ಕೆ,
ನೀರೆಂದರೆ ಮುಖ ತಿರುವುವ ಬಾಲಗಳು ಒಳಕ್ಕೆ,
ಎರಡು ಸಾಲು, ಬಾಲಕ್ಕೆ ಬಾಲ.
ಈ ಒಂದು ಮುನಿಸಿನಿಂದಲೇ
ಒಳಗು ಹೊರಗು ಅಂತ ಎರಡಾದದ್ದು.

ಮದ್ಯವೋ ಎರಡೂ ಮನೆಯ ನೆಂಟ:
ನೀರಿನೊಡನೆ ನೀರು, ಜಿಡ್ಡಿನೊಡನೆಯೂ ಸಲುಗೆ.
ಸ್ವಲ್ಪ ಸರೀರಿ ಎಂದು ತಲೆಗಳ ನಡುವೆ ಕೂರುತ್ತದೆ.
ತಲೆ ಸರಿದರೆ ಕೆಳಗೆ ಸಂದು.
ಸಂದು ಕಂಡ ಮೇಲೆ ಎದುರುಸಾಲಿನ ಬಾಲ ಸುಮ್ಮನಿದ್ದೀತೆ?
ತೂರುತ್ತದೆ. ಪೊರೆ ತೆಳುವಾಗುತ್ತದೆ,
ಬಟ್ಟೆ ಹರಿಯುವ ಮುಂಚೆ ಜಾಳಾಗುವ ಹಾಗೆ.

ಎರಡು ಬಾಚಣಿಗೆ ಎದುರುಬದುರು ಇಟ್ಟು ತೋರಿಸೋಣವೆಂದರೆ
ಬ್ಯಾಗಿನಲ್ಲಿ ಇದ್ದದ್ದು ಒಂದೇ. ಕ್ಲೆಮ್‌ಗೆ ಕೂದಲಿಲ್ಲ.
ಬೆರಳ ತುದಿಗೆ ಬೆರಳ ತುದಿ ತಾಗಿಸಿ
ಇದು ಪೊರೆ ಅಂದೆ, ಅರ್ಧ ಕೈಮುಗಿದಂತೆ.
‘ಮದ್ಯ ಬಿದ್ದ ಮೇಲೆ?’
ನಾನು ಹೇಳುವ ಮೊದಲೇ ಅವನ ಕೈಗಳು ಹೆಣೆದುಕೊಂಡವು,
ಸಂದಿಗೆ ಬೆರಳು, ಸಂದಿಗೆ ಬೆರಳು,
ಲೂಥರನ್ ಚರ್ಚಿನ ಬೆಂಚಿನಲ್ಲಿ ಕಲಿತ ಹಾಗೆ.
ಹೊರಗಿನವರು ಕಂಡಿದ್ದರೆ
ಟ್ಯಾಂಕಿಗೆ ಪೂಜೆ ನಡೆದಿದೆ ಅನ್ನುತ್ತಿದ್ದರು.

ಹನ್ನೊಂದು ವರ್ಷವಾಯಿತು ಅವನು ನುಂಗಿ.
ರುಚಿ ನೋಡುತ್ತಾನೆ, ಉಗುಳುತ್ತಾನೆ,
ಉಗುಳಿದ್ದನ್ನು ಒಂದು ಕ್ಷಣ ನೋಡುತ್ತಾನೆ.
‘ನನ್ನೊಳಗೂ ಹೀಗೇ ಆಗಿತ್ತಾ?’

ಹೌದೆನ್ನಲಾಗಲಿಲ್ಲ.
ನೆತ್ತರಿಗೆ ಇಷ್ಟು ಏರುವ ಮೊದಲೇ ಮನುಷ್ಯ ಹೋಗಿರುತ್ತಾನೆ.
ಪೊರೆ ಸಡಿಲಾಗುವುದೇ ಅಮಲು ಎಂದು ಹಿಂದೆ ನಂಬಿದ್ದರು,
ಈಗ, ಪೊರೆಯಲ್ಲಿ ಕೂತ ಬಾಗಿಲುಗಳನ್ನೇ
ಹಿಡಿದು ಅಲ್ಲಾಡಿಸುತ್ತದೆ ಅನ್ನುತ್ತಾರೆ.
ಇಷ್ಟು ಗೊತ್ತು: ದಿನಾ ಬರುವ ಕೈಗೆ ಮೈ ಒಗ್ಗುತ್ತದೆ,
ಅದು ಸಡಿಲಿಸಿದಷ್ಟೂ ಇದು ಬಿಗಿಯುತ್ತದೆ,
ಒಂದು ಬೆಳಿಗ್ಗೆ ಕೈ ಬರದಿದ್ದರೆ
ಬಿಗಿ ಮಾತ್ರ ಉಳಿಯುತ್ತದೆ.

‘ಆ ಬೆಳಿಗ್ಗೆ ನನಗೆ ಗೊತ್ತು,’ ಅಂದ.
‘ಶರ್ಟಿನ ಗುಂಡಿಗೂ ಎಲ್ಸಾ ಬೇಕಾದಳು.
ನಾಲ್ಕನೇ ದಿನ ಅವಳು ಹಾಕಲಿಲ್ಲ,
ಎದುರು ಕುರ್ಚಿಯಲ್ಲಿ ಕೂತು ಕಾದಳು.’

ಮೂರು ಗಂಟೆಗೆ ಬಕೆಟ್ಟಿನಲ್ಲಿ ಹೊಸ ಯೀಸ್ಟು ನೆನೆಸಿದೆವು.
ಗಾಳಿ ಊದಿದೆವು;
ಗಾಳಿಯಿದ್ದರೆ ಪೊರೆಗೆ ಬೇಕಾದ ಗಟ್ಟಿಜಿಡ್ಡು
ಅವೇ ಕಟ್ಟಿಕೊಳ್ಳುತ್ತವೆ.
ಆಮೇಲೆ ಹದಿನಾಲ್ಕರದೇ ವೈನು, ಲೋಟ ಲೋಟವಾಗಿ,
ಹಿಂದಿನವರನ್ನು ಮುಗಿಸಿದ್ದನ್ನೇ
ಎಳೆಗೂಸಿಗೆ ಒಳಲೆಯಲ್ಲಿ ಹಾಲು ಹಾಕಿದಂತೆ.
ಕ್ಲೆಮ್ ಗಡಿಯಾರ ನೋಡಿ ನೋಡಿ ಹುಯ್ದ.
ಒಂದು ಹನಿ ಚೆಲ್ಲಲಿಲ್ಲ.

ನಾನು ಸ್ಪಿರಿಟ್ಟಿನಲ್ಲಿ ಮೇಜು ಒರೆಸಿದೆ.
ಅಂಗೈ ತಣ್ಣಗಾಗಿ ಆರಿತು.
ಬಕೆಟ್ಟಿನ ಅಂಚಿನಲ್ಲಿ ಬಿಳಿಯದೊಂದು ಗೆರೆ,
ನೊರೆಯೋ, ಬೆಳಕೋ.
‘ಇನ್ನೊಂದು ಲೋಟ?’ ಅಂದ.
ತಡಿ, ಅಂದೆ. ಅವಸರವಿಲ್ಲ.